ಗಾಜಿನ ಬೀರು ಮಾರಾಟಕ್ಕಿದೆ

ರಾತ್ರಿ ಊಟವಾದ ಮೇಲೆ ಓಎಲ್‌ಎಕ್ಸ್‌ನಲ್ಲಿ ಬಸವನಗುಡಿ ಸುತ್ತಮುತ್ತಲಿನವರ ಜಾಹೀರಾತು ಓದುವುದು ನನಗೆ ಹತ್ತಿರುವ ಚಟ. ಏನನ್ನೂ ಕೊಳ್ಳುವುದಿಲ್ಲ, ಬರೀ ಓದುತ್ತೇನೆ. ಪತ್ರಿಕೆಯ ಚಿಕ್ಕ ಜಾಹೀರಾತಿನಲ್ಲಿ ಪದಕ್ಕಿಷ್ಟು ಎಂದು ದುಡ್ಡು ತೆರಬೇಕಿತ್ತು, ಹಾಗಾಗಿ ಅದು ಚುಟುಕು. ಇಲ್ಲಿ ಜಾಗ ಧಾರಾಳವಾಗಿದ್ದರೂ ಜನ ಅಷ್ಟೇ ಬರೆಯುತ್ತಾರೆ: ‘ಸಿಂಗಲ್ ಓನರ್’, ‘ಹೊಸದರಂತಿದೆ’, ‘ಅರ್ಜೆಂಟ್’. ಕೊನೆಯ ಪದವನ್ನು ನಾನು ಮೆಚ್ಚುತ್ತೇನೆ. ಅದರ ಹಿಂದೆ ವರ್ಗವೋ ಮದುವೆಯೋ ಸಾವೋ ಇರುತ್ತದೆ, ಬರೆದವರು ಬಾಯಿ ಬಿಡುವುದಿಲ್ಲ. ಉಳಿದ ಗದ್ಯಕ್ಕೆಲ್ಲ ಒಂದೇ ನಂಬಿಕೆ: ಯಾರೂ ಮುಟ್ಟದಿದ್ದಷ್ಟೂ ವಸ್ತು ಒಳ್ಳೆಯದು. ವರ್ಷಗಟ್ಟಲೆ ದೋಸೆ ಹಿಟ್ಟು ರುಬ್ಬಿದ ಗ್ರೈಂಡರ್ ಕೂಡ ಅಲ್ಲಿ ‘ಹೆಚ್ಚು ಬಳಸಿಲ್ಲ’.

ಈಚೆಗೆ ನಾನೇ ಒಂದು ಬರೆಯಬೇಕಾಯಿತು. ಚಾಮರಾಜಪೇಟೆಯ ಮನೆ ಖಾಲಿ ಮಾಡುವಾಗ ಅಪ್ಪನ ಗಾಜಿನ ಬೀರು, ಅದರೊಳಗಿನ ಪುಸ್ತಕಗಳು ಉಳಿದವು. ಅಪ್ಪ ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡೇ ಓದುತ್ತಿದ್ದರು. ಒಪ್ಪದ ಕಡೆ ಅಂಚಿನಲ್ಲಿ ‘ಹೌದೇ?’ ಎಂದು ಬರೆಯುತ್ತಿದ್ದರು. ನಾನು ಬರೆದದ್ದು: ‘ತೇಗದ ಬೀರು, ಪುಸ್ತಕ ಸಹಿತ. ಪುಸ್ತಕಗಳು ಚೊಕ್ಕಟವಾಗಿವೆ.’ ಇಷ್ಟು ದಿನ ಅವರಿವರ ಗದ್ಯವನ್ನು ಆಡಿಕೊಂಡವನು ಎರಡೇ ವಾಕ್ಯದಲ್ಲಿ ಅದೇ ಸುಳ್ಳು ಹೇಳಿದ್ದೆ.

‘ಲಾಸ್ಟ್ ಪ್ರೈಸ್?’ ಎಂದು ಒಬ್ಬರು. ‘ಪುಸ್ತಕ ತೆಗೆದು ಬರೀ ಬೀರು ಕೊಡ್ತೀರಾ?’ ಎಂದು ನಾಲ್ವರು. ‘ಪುಸ್ತಕ ಎಷ್ಟು ಕೆಜಿ ಬರಬಹುದು?’ ಎಂದು ಇನ್ನೊಬ್ಬರು. ಗಾಂಧಿ ಬಜಾರಿನಲ್ಲಿ ಅವರೆಕಾಯಿ ಆರಿಸುತ್ತಿದ್ದಾಗ ಮಲ್ಲೇಶ್ವರದಿಂದ ಒಂದು ಸಂದೇಶ ಬಂತು: ‘ಸರ್, ಎರಡನೇ ಖಾನೆಯಲ್ಲಿ ಡಿವಿಜಿಯವರ ಜ್ಞಾಪಕ ಚಿತ್ರಶಾಲೆ ಏಳೇ ಸಂಪುಟ ಕಾಣ್ತಿದೆ. ಹೃದಯ ಸಂಪನ್ನರು ಇಲ್ವಾ?’

ಫೋಟೊ ಹಿಗ್ಗಿಸಿ ಬೆನ್ನಿನ ಅಕ್ಷರ ಓದಿದ್ದಾನೆ ಪುಣ್ಯಾತ್ಮ. ಎಂಟರಲ್ಲಿ ಆ ಒಂದು ಸಂಪುಟ ನನ್ನ ಹಾಸಿಗೆಯ ಪಕ್ಕದಲ್ಲಿತ್ತು.

‘ಬಳಕೆ’ ಎಂದರೆ ಉಪಯೋಗ ಮಾತ್ರವಲ್ಲ, ಒಡನಾಟವೂ ಹೌದು. ಹೋಗಿಬರುವ ಬಳಕೆ ಇದೆ ಅನ್ನುತ್ತೇವಲ್ಲ, ಆ ಅರ್ಥ. ಜಾಹೀರಾತಿನ ಗದ್ಯ ಮೊದಲ ಅರ್ಥವನ್ನಷ್ಟೇ ಹಿಡಿದು ಬೆಲೆ ಇಳಿಸುತ್ತದೆ. ಜ್ಞಾಪಕ ಚಿತ್ರಶಾಲೆ ನಿಂತಿರುವುದೇ ಎರಡನೆಯ ಅರ್ಥದ ಮೇಲೆ. ದಿವಾನರಿಗೊಂದು ಸಂಪುಟ ಕೊಟ್ಟ ಡಿವಿಜಿ ಒಳ್ಳೆಯ ಮನಸ್ಸಿನವರಿಗೂ ಒಂದು ಸಂಪುಟ ಕೊಟ್ಟರು. ಅಲ್ಲಿನ ಬರಹಕ್ಕೆ ಬಲ ಬಂದಿರುವುದು ಬರೆದವರು ಆ ಜನರೊಂದಿಗೆ ಬಳಸಿದ್ದರಿಂದ. ನೆನಪಿನ ಬರಹದಲ್ಲಿ ಮಾಸಿದ ಗುರುತೇ ಆಧಾರ. ಅದನ್ನು ಒರೆಸಿಬಿಟ್ಟರೆ ಉಳಿಯುವುದು ಸನ್ಮಾನಪತ್ರ. ನಮ್ಮ ಎಷ್ಟೋ ಅಭಿನಂದನ ಗ್ರಂಥಗಳು ‘ಹೊಸದರಂತಿದೆ’ ಶೈಲಿಯಲ್ಲೇ ಇರುವುದನ್ನು ಇಲ್ಲಿ ವಿವರಿಸಲು ಹೋಗುವುದಿಲ್ಲ.

ಆ ಹುಡುಗನಿಗೆ ಒಪ್ಪಿಕೊಂಡೆ: ‘ಪೆನ್ಸಿಲ್ ಗುರುತುಗಳಿವೆ, ಮುಂಚೆ ಹೇಳಲಿಲ್ಲ.’ ಬೆಲೆ ಇಳಿಸುತ್ತಾನೆ ಅಂದುಕೊಂಡರೆ, ‘ಯಾರ ಕೈಬರಹ ಸರ್?’ ಎಂದು ಕೇಳಿದ.

ಭಾನುವಾರ ಸಂಪಿಗೆ ರಸ್ತೆಯಲ್ಲಿ ಮೆಟ್ರೊ ಹತ್ತಿ, ಮಾರ್ಕೆಟ್ ನಿಲ್ದಾಣದಲ್ಲಿಳಿದು ನಡೆದೇ ಬಂದ. ‘ಮೈಸೂರಿನ ದಿವಾನರು’ ತೆರೆದು, ಒಂದು ‘ಹೌದೇ?’ ಹತ್ತಿರ ನಿಂತು, ಇಡೀ ಪುಟ ಓದಿದ. ‘ಇಲ್ಲಿ ಡಿವಿಜಿಯವರದ್ದೇ ಸರಿ ಅನ್ಸುತ್ತೆ ಸರ್’ ಎಂದ. ಅಪ್ಪನ ಜೊತೆ ಯಾರಾದರೂ ವಾದಕ್ಕೆ ನಿಂತು ಎರಡು ವರ್ಷವಾಗಿತ್ತು.

ಏಳು ಸಂಪುಟ ಒಯ್ದ. ಎಂಟನೆಯದನ್ನು ನಾನು ಓದಿ ಮುಗಿಸಿದ ಮೇಲೆ ಕೊಡುವುದೆಂದು ಮಾತಾಗಿದೆ. ಬೀರು ಇನ್ನೂ ಹೋಗಿಲ್ಲ. ಜಾಹೀರಾತು ತಿದ್ದಿದ್ದೇನೆ: ‘ಮೇಲಿನ ಗಾಜು ಸೀಳಿದೆ. ಎಡಗಡೆಯ ಬಾಗಿಲನ್ನು ಸ್ವಲ್ಪ ಎತ್ತಿ ಎಳೆಯಬೇಕು. ಎರಡನೇ ಖಾನೆ ಖಾಲಿ.’