ರಾಂಗ್ ಸೈಡ್ ಯಾರದು?

ಗಲ್ಫ್‌ನಿಂದ ರಜೆಗೆ ಬಂದವರು ಅಂಕೋಲೆ ಪೇಟೆಯ ಚಹಾ ಅಂಗಡಿಯಲ್ಲಿ ಕೂತು ಆಡುವ ಮಾತು ಹೆಚ್ಚುಕಡಿಮೆ ಒಂದೇ: ಅಲ್ಲಿ ಶಿಸ್ತು, ಇಲ್ಲಿ ಅಧ್ವಾನ, ನಮ್ಮ ಜನ ಸುಧಾರಿಸುವವರಲ್ಲ. ಮೊದಲೆರಡು ಮಾತು ನಿಜ. ಮೂರನೆಯದನ್ನು ನಾನು ಒಪ್ಪಲಾರೆ. ಹಾಗೆ ಹೇಳುವವನೇ ಮೊನ್ನೆ ಮೊನ್ನೆವರೆಗೆ ದುಬೈಯಲ್ಲಿ ರಸ್ತೆಯ ಬಲಗಡೆ, ಗೆರೆ ತಪ್ಪದೆ, ಹಾರ್ನ್ ಮುಟ್ಟದೆ ಗಾಡಿ ಓಡಿಸುತ್ತಿದ್ದ. ಊರಿಗೆ ಬಂದ ದಿನವೇ ಎಡಗಡೆಗೆ ಹೊಂದಿಕೊಂಡ. ಎರಡು ದಿನ ಕಳೆಯುವಷ್ಟರಲ್ಲಿ ತಮ್ಮನ ಬೈಕ್ ಹತ್ತಿ ಹೆದ್ದಾರಿಯ ಅಂಚಿನಲ್ಲಿ ಎದುರು ದಿಕ್ಕಿಗೆ ಹೊರಟ. ಒಬ್ಬನೇ ಮನುಷ್ಯ, ಅದೇ ಕೈ, ಅದೇ ಕಣ್ಣು. ಬದಲಾದದ್ದು ಅವನ ಗಾಲಿಯ ಕೆಳಗಿನ ರಸ್ತೆ.

ನಮ್ಮ ನಿಯಮಗಳೇನೂ ಕಳಪೆಯಲ್ಲ. 1989ರ ರಸ್ತೆ ನಿಯಮಾವಳಿಯ ಜಾಗಕ್ಕೆ 2017ರಲ್ಲಿ ಬಂದ ಮೋಟಾರು ವಾಹನ ಚಾಲನಾ ನಿಯಮಾವಳಿಯನ್ನು ಓದಿ ನೋಡಿ. ನಡೆದು ಹೋಗುವವರು, ಸೈಕಲ್‌ನವರು, ಮಕ್ಕಳು, ಮುದುಕರ ಬಗ್ಗೆ ವಿಶೇಷ ಎಚ್ಚರ ಇರಬೇಕು ಎನ್ನುತ್ತದೆ. ವೃತ್ತದೊಳಗೆ ಆಗಲೇ ಇರುವ ಗಾಡಿಗೆ ಮೊದಲ ಹಕ್ಕು ಕೊಡುತ್ತದೆ. ಎದುರಿನವರ ಕಣ್ಣಿಗೆ ಹೈಬೀಮ್ ಹೊಡೆಯಬೇಡ, ಸುಮ್ಮಸುಮ್ಮನೆ ಹಾರ್ನ್ ಒತ್ತಬೇಡ ಎನ್ನುತ್ತದೆ. ಯುಎಇಯ ಕಾನೂನಿನ ಪಕ್ಕದಲ್ಲಿಟ್ಟರೆ ನಾಚಿಕೆಪಡುವಂಥದ್ದು ಇದರಲ್ಲಿ ಏನೂ ಇಲ್ಲ. ಕೆಲವು ಕಡೆ ನಮ್ಮದೇ ಹೆಚ್ಚು ಮಾನವೀಯ. ಆದರೆ ಆ ಪುಟದಿಂದ ಕಣ್ಣೆತ್ತಿ ನಮ್ಮೂರಿನ ರಾಷ್ಟ್ರೀಯ ಹೆದ್ದಾರಿ 66ರ ಕಡೆ ನೋಡಿದರೆ, ಆ ನಿಯಮ ಬರೆದವರೂ ಈ ರಸ್ತೆ ಕಟ್ಟಿದವರೂ ಒಬ್ಬರನ್ನೊಬ್ಬರು ಕಂಡಿರಲಿಕ್ಕಿಲ್ಲ ಅನಿಸುತ್ತದೆ.

ಹಿಂದೆ ಹೆದ್ದಾರಿ 17 ಎನ್ನುತ್ತಿದ್ದ ಈ ರಸ್ತೆ ಎರಡು ಪಥದಿಂದ ನಾಲ್ಕು ಪಥವಾಯಿತು, ನಡುವೆ ಡಿವೈಡರ್ ಎದ್ದಿತು. ಊರುಗಳು ಎಲ್ಲಿದ್ದವೋ ಅಲ್ಲೇ ಉಳಿದವು. ಮನೆ ಒಂದು ಬದಿ, ಗದ್ದೆ ಇನ್ನೊಂದು ಬದಿ. ಶಾಲೆ ಈ ಕಡೆ, ಬಸ್ ನಿಲ್ಲುವುದು ಆ ಕಡೆ. ಕಾನೂನು ಪಾಲಿಸಬೇಕೆಂದರೆ ದೂರದ ಯು ಟರ್ನ್‌ವರೆಗೆ ಹೋಗಿ, ತಿರುಗಿ, ಅಷ್ಟೇ ದೂರ ವಾಪಸು ಬರಬೇಕು. ಮೀನು ಕ್ರೇಟ್ ಕಟ್ಟಿಕೊಂಡ ಬೈಕಿನವನಿಗೆ ಬರ್ಫ ಕರಗುವ ಚಿಂತೆ. ಅವನು ಅಂಚಿನ ಬಿಳಿ ಗೆರೆಯ ಹೊರಗೆ, ಎದುರಿಗೆ ಬರುವ ಟ್ಯಾಂಕರುಗಳ ಗಾಳಿಗೆ ಓಲಾಡುತ್ತ, ಹೆಡ್‌ಲೈಟ್ ಹಾಕಿಕೊಂಡು ರಾಂಗ್ ಸೈಡಿನಲ್ಲೇ ಬರುತ್ತಾನೆ. ಸಂಜೆ ಹೊತ್ತು ಡಿವೈಡರ್ ಮೇಲೆ ನಿಂತ ಹಾಲಕ್ಕಿ ಹೆಂಗಸನ್ನು ನೋಡಿ: ತಲೆಯ ಮೇಲೆ ತರಕಾರಿ ಬುಟ್ಟಿ, ಅದಕ್ಕೊಂದು ಕೈ, ಸೀರೆ ನೆರಿಗೆಗೆ ಇನ್ನೊಂದು ಕೈ. ಕತ್ತು ತಿರುಗಿಸಿದರೆ ಬುಟ್ಟಿ ಜಾರುತ್ತದೆಂದು ಇಡೀ ಮೈಯನ್ನೇ ತಿರುಗಿಸಿ ಗಾಡಿ ಬರುವ ದಿಕ್ಕು ನೋಡುತ್ತಾಳೆ. ನಿಯಮಾವಳಿಯ ಪ್ರಕಾರ ಆಕೆಗಾಗಿ ಗಾಡಿ ನಿಧಾನಿಸಬೇಕು. ಗಂಟೆಗೆ ನೂರು ಕಿಲೋಮೀಟರ್ ಓಡಲೆಂದೇ ಮಾಡಿದ ರಸ್ತೆಯಲ್ಲಿ ಯಾರು ನಿಧಾನಿಸುತ್ತಾರೆ?

2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಕೇಂದ್ರ ಸಾರಿಗೆ ಸಚಿವಾಲಯದ ವರದಿ ಅದರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಸಾವನ್ನು ಅತಿವೇಗದ ಲೆಕ್ಕಕ್ಕೂ, ಸುಮಾರು ಐದನ್ನು ರಾಂಗ್ ಸೈಡಿನ ಲೆಕ್ಕಕ್ಕೂ ಹಾಕುತ್ತದೆ. ಎರಡೂ ಚಾಲಕನ ತಪ್ಪುಗಳೇ. ಆ ತಪ್ಪನ್ನು ದಿನನಿತ್ಯದ ಅಗತ್ಯವಾಗಿಸಿದ ರಸ್ತೆ ಆ ಲೆಕ್ಕದಲ್ಲಿ ಕಾಣುವುದೇ ಇಲ್ಲ.

ಯುಎಇ ಚಾಲಕನ ತಪ್ಪನ್ನು ಬೇರೆ ರೀತಿ ನೋಡಿತು. ದುಬೈಯಲ್ಲಿ ಹೊಸಬನಿಗೆ ಇಪ್ಪತ್ತು ಗಂಟೆ ರಸ್ತೆ ತರಬೇತಿ ಆಗಬೇಕು. ಜೊತೆಗೆ ನಿಯಮಜ್ಞಾನದ ಪರೀಕ್ಷೆ, ಅಂಗಳದ ಪರೀಕ್ಷೆ, ರಸ್ತೆ ಪರೀಕ್ಷೆ. ನಮ್ಮಲ್ಲಿ ಲೈಸೆನ್ಸಿಗಾಗಿ ಕಾರವಾರಕ್ಕೆ ಹೋಗಿ ಮೈದಾನದಲ್ಲಿ ಎಂಟು ಹಾಕಿ ಬಂದವನು, ಹೆದ್ದಾರಿಗೆ ಹೇಗೆ ಸೇರಿಕೊಳ್ಳಬೇಕೆಂದು ಯಾರಿಂದಲೂ ಕಲಿಯದೆಯೇ ಹೆದ್ದಾರಿಗಿಳಿಯುತ್ತಾನೆ. ಅಲ್ಲಿ ಕೆಂಪು ದೀಪ ದಾಟಿದರೆ ಸಾವಿರ ದಿರ್ಹಾಮ್ ದಂಡ, ಹನ್ನೆರಡು ಕಪ್ಪು ಅಂಕ, ಮೂವತ್ತು ದಿನ ಗಾಡಿ ಜಪ್ತಿ. ಇಪ್ಪತ್ತನಾಲ್ಕು ಅಂಕ ತುಂಬಿದರೆ ಲೈಸೆನ್ಸ್ ಅಮಾನತು. ಮೊತ್ತಕ್ಕಿಂತ ಮುಖ್ಯವಾದದ್ದು ಅದರ ಖಚಿತತೆ. ಬಾಕಿ ತೀರಿಸದೆ ಗಾಡಿಯ ನೋಂದಣಿ ನವೀಕರಣವಾಗುವುದಿಲ್ಲ. ನಮ್ಮ ರಾಜ್ಯದಲ್ಲೋ, 2019ರ ಸೆಪ್ಟೆಂಬರ್ 1ರಂದು ಹೊಸ ದಂಡ ಜಾರಿಗೆ ಬಂದ ತಿಂಗಳಲ್ಲೇ ಹಲವು ದಂಡಗಳನ್ನು ಇಳಿಸಲಾಯಿತು. 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಅರ್ಧದಷ್ಟು ರಿಯಾಯಿತಿ ಕೊಟ್ಟರು, ಜನ ಸಾಲುಗಟ್ಟಿ ಕಟ್ಟಿದರು. ಆ ಸಾಲಿನಲ್ಲಿ ನಿಂತವರು ಕಲಿತದ್ದು ರಿಯಾಯಿತಿಗೆ ಕಾಯುವುದನ್ನು.

ಹಾಗೆಂದು ಗಲ್ಫ್ ಮಾದರಿಯನ್ನು ಇಡಿಯಾಗಿ ಹೊತ್ತು ತರಬೇಕೆಂದು ನಾನು ಹೇಳಲಾರೆ. ಅದು ಕಾರಿನವನಿಗಾಗಿ ಕಟ್ಟಿದ ವ್ಯವಸ್ಥೆ. ಜೀಬ್ರಾ ಗೆರೆಯ ಮೇಲೆ ಬಂದವನಿಗೆ ದಾರಿ ಬಿಡದ ಚಾಲಕನಿಗೆ ಅಲ್ಲಿ 500 ದಿರ್ಹಾಮ್ ದಂಡ ಇದೆ, ನಿಜ. ಗೆರೆಯಿಲ್ಲದ ಕಡೆ ದಾಟಿದ ಬಡಪಾಯಿಗೂ 400 ಇದೆ. ಬಿಸಿಲಲ್ಲಿ ಕೆಲಸ ಮಾಡಿ ಬಂದ ಕೂಲಿಯವನು ಎದುರಿಗೇ ಕಾಣುವ ಬಸ್ ಸ್ಟಾಪಿಗಾಗಿ ಮೇಲ್ಸೇತುವೆ ಹುಡುಕಿಕೊಂಡು ನಡೆಯಬೇಕು. ಮರಳುಗಾಡಿನಲ್ಲಿ ಮೊದಲು ರಸ್ತೆ ಬಂತು, ಬಹುಪಾಲು ಊರು ಆಮೇಲೆ ಬಂದವು. ನಮ್ಮ ಕರಾವಳಿಯಲ್ಲಿ ಊರೇ ಮೊದಲು. ಕಡಲ ಬೇಲೆಗೂ ಗುಡ್ಡಕ್ಕೂ ನಡುವಿನ ಕಿರಿದಾದ ಪಟ್ಟಿಯಲ್ಲಿ ಮನೆ, ದೇವಸ್ಥಾನ, ಮೀನು ಪೇಟೆ ಎಲ್ಲವೂ ಇವೆ. ಇಲ್ಲಿ ದಾಟುವವಳಿಗೆ ದಂಡ ಹಾಕಿದರೆ ಅದು ಅನ್ಯಾಯ.

ನಿಯಮ ನೆಲವನ್ನು ನೋಡಿ ನಡೆದ ಉದಾಹರಣೆ ನಮ್ಮ ಮಾಜಾಳಿ ಗಡಿಯಾಚೆಯೇ ಇದೆ. 1928ರಲ್ಲಿ ಪೋರ್ಚುಗಲ್ ಎಡಗಡೆಯ ಸಂಚಾರ ಬಿಟ್ಟು ಬಲಗಡೆಗೆ ಹೋಯಿತು. ಗೋವಾ ಅದೇ ದೊರೆತನದ ಕೆಳಗಿದ್ದರೂ ಎಡಗಡೆಯಲ್ಲೇ ಉಳಿಯಿತು, ಏಕೆಂದರೆ ಅದರ ನೆರೆಯ ಬ್ರಿಟಿಷ್ ಇಂಡಿಯಾದಲ್ಲಿ ಎಡಗಡೆಯೇ ನಡೆಯುತ್ತಿತ್ತು. ಲಿಸ್ಬನ್ನಿನ ನಿಯಮ ಗೋವಾ ಗಡಿಯ ಪೋಳೆಯ ರಸ್ತೆಗೆ ಒಗ್ಗದು ಎಂಬ ತಿಳಿವಳಿಕೆ ವಸಾಹತಿನ ಆಡಳಿತಕ್ಕೂ ಇತ್ತು.

ನಮ್ಮ ಕಾನೂನಿನಲ್ಲಿ ನನಗೆ ಅತಿ ಮುಖ್ಯವೆನಿಸಿದ್ದು ಯಾರೂ ಮಾತಾಡದ ಒಂದು ಕಲಂ. 2019ರ ತಿದ್ದುಪಡಿಯಲ್ಲಿ ಸೇರಿದ 198ಎ. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ಸುರಕ್ಷತೆಯ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಸಂಭವಿಸಿದರೆ ಅದರ ಹೊಣೆ ಹೊತ್ತ ಪ್ರಾಧಿಕಾರ, ಗುತ್ತಿಗೆದಾರ, ಸಲಹೆಗಾರರಿಗೂ ದಂಡ ಎನ್ನುತ್ತದೆ ಅದು. ರಸ್ತೆಯೂ ತಪ್ಪಿತಸ್ಥ ಆಗಬಹುದೆಂದು ಸಂಸತ್ತು ಒಪ್ಪಿಕೊಂಡದ್ದು ದೊಡ್ಡ ಹೆಜ್ಜೆ. ಆದರೆ ದಂಡದ ಗರಿಷ್ಠ ಮಿತಿ ಒಂದು ಲಕ್ಷ ರೂಪಾಯಿ. ಕೋಟಿಗಟ್ಟಲೆಯ ಗುತ್ತಿಗೆಯ ಎದುರು ಅದು ಯಾರ ನಿದ್ದೆಯನ್ನೂ ಕೆಡಿಸದು.

2024ರ ಜುಲೈ 16ರಂದು ಇದೇ ಹೆದ್ದಾರಿಯ ಬದಿಯ ಶಿರೂರಿನಲ್ಲಿ ಗುಡ್ಡ ಕುಸಿದಾಗ ಸತ್ತವರಲ್ಲಿ ರಸ್ತೆಬದಿಯ ಚಹಾ ಅಂಗಡಿಯ ಕುಟುಂಬದವರೂ, ಅಲ್ಲಿ ಗಾಡಿ ನಿಲ್ಲಿಸಿದ್ದ ಚಾಲಕರೂ ಇದ್ದರು. ಒಂದು ಲಾರಿಯನ್ನು ಗಂಗಾವಳಿ ನದಿಯ ತಳದಿಂದ ಎತ್ತಿದ್ದು ಸೆಪ್ಟೆಂಬರ್ 25ರಂದು. ಹೆದ್ದಾರಿಯ ಮೇಲೆ ಅಪಾಯವಾಗುವಂತೆ ಗಾಡಿ ನಿಲ್ಲಿಸಬಾರದೆಂದು ನಿಯಮ ಇದೆ. ದೂರದಿಂದ ಬರುವ ಲಾರಿಯವನು ಮುಖ ತೊಳೆದು ಚಹಾ ಕುಡಿದು ಒಂದು ಗಳಿಗೆ ಕಣ್ಣು ಮುಚ್ಚಲು ಸುರಕ್ಷಿತ ಜಾಗ ಮಾಡಿಕೊಡುವುದು ಯಾರ ಕೆಲಸ? ಕಡಿದ ಗುಡ್ಡದ ಬುಡವೇ ಅವನ ತಂಗುದಾಣವಾಗಿತ್ತು.

ಅದೇ ನದಿ ಕಡಲು ಸೇರುವಲ್ಲಿ ಮಂಜಗುಣಿ ಇದೆ. ಈ ದಡ ಅಂಕೋಲೆ, ಆಚೆ ದಡ ಕುಮಟಾ ತಾಲ್ಲೂಕಿನ ಗಂಗಾವಳಿ. ಅಲ್ಲಿಂದ ಗೋಕರ್ಣ ಹತ್ತಿರ. ದೋಣಿಯಲ್ಲಿ ದಾಟುತ್ತಿದ್ದ ಕಡೆ ವರ್ಷಗಟ್ಟಲೆ ಎಳೆದಾಡಿ ಸೇತುವೆ ಎದ್ದಿದೆ. ಊರಿಗೆ ಅದು ಬೇಕಿತ್ತು. ಆಸ್ಪತ್ರೆಗೆ, ಕಾಲೇಜಿಗೆ, ಪೇಟೆಗೆ ದಾರಿ ಹತ್ತಿರವಾಗುತ್ತದೆ. ಆದರೆ ಗೋಕರ್ಣದ ಪ್ರವಾಸಿ ಗಾಡಿಗಳೂ ಇದೇ ದಾರಿ ಹಿಡಿಯುತ್ತವೆ. ಈ ರಸ್ತೆ ಮನೆ ಅಂಗಳಗಳನ್ನು ಸವರಿಕೊಂಡೇ ಹೋಗುವಂಥದ್ದು. ಮಕ್ಕಳು ಆಡುವುದೂ ಅಲ್ಲೇ, ಹೆಂಗಸರು ನಿಂತು ಮಾತಾಡುವುದೂ ಅಲ್ಲೇ. ನಡೆಯುವವರಿಗೆ ಒಂದು ಬದಿಯಾದರೂ ಕಾಲುದಾರಿ, ಊರು ಶುರುವಾಗುವಲ್ಲಿ ಕಣ್ಣಿಗೆ ಕಾಣುವಂತೆ ಬಣ್ಣ ಬಳಿದ ಉಬ್ಬು, ಮೂವತ್ತರ ವೇಗಮಿತಿ, ಬಸ್ ನಿಲ್ಲಲು ರಸ್ತೆಯಿಂದ ಒಳಸರಿದ ಜಾಗ: ಇವನ್ನು ಮೊದಲ ಅಪಘಾತಕ್ಕೆ ಮುಂಚೆಯೇ ಮಾಡಬೇಕು. ಸೇತುವೆಗೆ ಆದ ಖರ್ಚಿನ ಮುಂದೆ ಇದು ಏನೇನೂ ಅಲ್ಲ, ಮತ್ತು ಇದನ್ನು ಕೇಳಲು ಪಂಚಾಯಿತಿಗೆ ಈಗಲೇ ಸಕಾಲ.