ಈ ವಿಳಾಸ ಯಾವ ಮಾಡ್ಯೂಲ್‌ನದು?

ಕೋಲಾರದ ಚಿನ್ನದ ಗಣಿ ಪ್ರದೇಶದ ನಂದಿದುರ್ಗ ಗಣಿಯಲ್ಲಿ ಬರೀ ಆಳ ಹೇಳಿದರೆ ಜಾಗ ತಿಳಿಯುತ್ತಿರಲಿಲ್ಲ. ಊರಿಗಾಂ, ಚಾಂಪಿಯನ್ ರೀಫ್, ಮೈಸೂರು ಗಣಿಗಳೂ ಅದೇ ಸಾಲಿನವು. ಯಾವ ಗಣಿ, ಯಾವ ಶಾಫ್ಟ್ ಎಂಬುದೂ ಬೇಕು. ಕಂಪ್ಯೂಟರಿನ ಡ್ರೈವರ್ ಮುಗ್ಗರಿಸಿದಾಗ ಪರದೆಗೆ ಬರುವ ಮೆಮೊರಿ ವಿಳಾಸದ ಕತೆಯೂ ಇದೇ: ಅದು ಯಾವ ಮಾಡ್ಯೂಲ್‌ನದು, ಅಂದರೆ ಕರ್ನಲ್‌ಗೆ ಸೇರಿಕೊಂಡ ಯಾವ ಕೋಡ್ ಕಡತದ್ದು ಎಂಬುದೂ ಬೇಕು.

ಲಿನಕ್ಸ್‌ನಲ್ಲಿ ಪ್ರತಿ ಮಾಡ್ಯೂಲ್‌ನ ಗಾತ್ರ, ಆರಂಭದ ವಿಳಾಸ ಎರಡೂ ಒಂದು ಪಟ್ಟಿಯಲ್ಲಿರುತ್ತವೆ. (ರೂಟ್ ಆಗಿಯೇ ನೋಡಿ, ಇಲ್ಲವಾದರೆ ವಿಳಾಸದ ಜಾಗದಲ್ಲಿ ಸಾಮಾನ್ಯವಾಗಿ ಬರೀ ಸೊನ್ನೆ!) ಆರಂಭ 40000, ಗಾತ್ರ 6000 ಇದ್ದರೆ 42350 ಅದರೊಳಗಿನದೇ. ಕಳೆದರೆ ಉಳಿಯುವ 2350 ನನಗೆ ಬಲು ಇಷ್ಟ. ಬೂಟ್ ಆದಾಗಲೆಲ್ಲ ಆರಂಭ ಬದಲಾದೀತು, ಅದೇ ಕಡತವಾದರೆ ಈ ಅಂತರ ಬದಲಾಗದು.

ವಿಂಡೋಸ್‌ನ ಡಿಬಗ್ಗರ್ ವಿನ್‌ಡಿಬಿಜಿಯಲ್ಲಿ ‘ಎಲ್‌ಎಂ’ ಆದೇಶಕ್ಕೆ ವಿಳಾಸ ಕೊಟ್ಟರೆ ಮಾಡ್ಯೂಲ್ ಸಿಗುತ್ತದೆ. ‘ಎಲ್‌ಎನ್’ ಹತ್ತಿರದ ಫಂಕ್ಷನ್ ಹೆಸರನ್ನೂ ಹೇಳುತ್ತದೆ. ಆದರೆ ಸಿಂಬಲ್ ಕಡತ ಇಲ್ಲದಾಗ ಎಲ್ಲೋ ದೂರದ ಹೆಸರನ್ನು ಅಂಟಿಸಿಬಿಡುತ್ತದೆ. ಅಂತರ ವಿಪರೀತ ದೊಡ್ಡದಿದ್ದರೆ ನಂಬಬಾರದು.

ಇನ್ನೂ ಸೊಗಸಾದದ್ದು ಮೆಮೊರಿಯಿಂದ ತೆಗೆದುಹಾಕಿದ (ಅನ್‌ಲೋಡ್ ಆದ) ಮಾಡ್ಯೂಲ್‌ಗಳ ಪಟ್ಟಿ. ಡ್ರೈವರ್ ತನ್ನ ಟೈಮರ್ ರದ್ದುಮಾಡದೆ ಜಾಗ ಖಾಲಿ ಮಾಡಿದ್ದರೆ, ಆಮೇಲೆ ಅಲ್ಲಿಗೆ ಹಾರಿದ ಕರ್ನಲ್ ಬಿದ್ದೇ ಬೀಳುತ್ತದೆ. ಆಗ ಅಪರಾಧಿಯ ಹೆಸರು ಸಿಗುವುದು ಈ ಹಳೆಯ ಪಟ್ಟಿಯಲ್ಲೇ.