ಯಲಹಂಕದ ಗುಡುಗು ಮತ್ತು ನೆರೆಯವರ ದೂರು

ಯಲಹಂಕ ವಾಯುನೆಲೆಯಲ್ಲಿ 1996ರಲ್ಲಿ ಆರಂಭವಾದ ‘ಏರೋ ಇಂಡಿಯಾ’ ಪ್ರದರ್ಶನದ ಅಬ್ಬರವನ್ನು ಕುರಿತು ಸುತ್ತಲಿನ ನಿವಾಸಿಗಳು ದೂರಿದರೆ ಸಿದ್ಧವಾಗಿರುವ ಉತ್ತರವೊಂದುಂಟು: ದೇಶಕ್ಕಾಗಿ ಐದು ದಿನ ಸಹಿಸಲಾರಿರಾ?

ಐದೇ ದಿನವೆಂಬುದು ನಿಜವಲ್ಲ. 2025ರ ಪ್ರದರ್ಶನ ಫೆಬ್ರವರಿ 10ರಿಂದ 14ರವರೆಗೆ ನಡೆಯಿತು. ಆದರೆ ತಾಲೀಮು ಅದಕ್ಕೆ ಮೊದಲೇ ತೊಡಗಿತ್ತು. ಇನ್ನು ದೇಶದ ಮಾತು. ಗಡಿಯಲ್ಲಿ ಯುದ್ಧವಿಮಾನ ಗುಡುಗುವುದು ಅನಿವಾರ್ಯ; ಜನವಸತಿಯ ನೆತ್ತಿಯ ಮೇಲೆ ಅದು ಲಾಗ ಹಾಕುವುದು ನಾವು ಮಾಡಿಕೊಂಡ ಆಯ್ಕೆ. ರಕ್ಷಣೆಗೆ ಸಲ್ಲುವ ಗೌರವವನ್ನು ಪ್ರದರ್ಶನಕ್ಕೆ ಎರವಲು ತಂದು ದೂರುವವರ ಬಾಯಿ ಮುಚ್ಚಿಸುವುದು ನ್ಯಾಯವಲ್ಲ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲಿನಲ್ಲಿ ವಿಧಿಸಿದ ಮಿತಿ 55 ಡೆಸಿಬಲ್. ಜೆಟ್ ವಿಮಾನದ ಗರ್ಜನೆ ಅದರ ಅಳವಿಗೆ ಸಿಕ್ಕುವಂಥದಲ್ಲ.

ಆ ವರ್ಷ ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಜನವರಿ 23ರಿಂದ ಫೆಬ್ರವರಿ 17ರವರೆಗೆ ವಾಯುನೆಲೆಯ 13 ಕಿಲೋಮೀಟರ್ ವ್ಯಾಪ್ತಿಯಲ್ಲಿ ಮಾಂಸ ಮಾರಾಟವನ್ನು ನಿಷೇಧಿಸಿತು. ನಮ್ಮಲ್ಲಿ ಕೆಲವರು ಹಿಗ್ಗಿರಬಹುದು. ಆದರೆ ಅದು ಜೀವದಯೆಯ ಆಜ್ಞೆಯಲ್ಲ. ತ್ಯಾಜ್ಯಕ್ಕೆರಗುವ ಹದ್ದುಗಳು ವಿಮಾನಕ್ಕೆ ಬಡಿದಾವೆಂಬ ಭಯದ ಆಜ್ಞೆ. ವಿಮಾನದ ಕ್ಷೇಮಕ್ಕಾಗಿ ಇಷ್ಟು ದೂರ ಯೋಚಿಸಬಲ್ಲ ಆಡಳಿತಕ್ಕೆ ಅದೇ ವೃತ್ತದೊಳಗಿನ ಹಸುಗೂಸು, ಹೃದ್ರೋಗಿ, ಬೆದರಿದ ದನಕರುಗಳು ಲೆಕ್ಕಕ್ಕೆ ಬರಬಾರದೆ?

ಪ್ರದರ್ಶನವನ್ನೇ ನಿಲ್ಲಿಸಿರೆಂದು ಯಾರೂ ಹಟ ಹಿಡಿಯಬೇಕಿಲ್ಲ. ಕೆಂಪೇಗೌಡ ವಿಮಾನ ನಿಲ್ದಾಣ ಯಾವ ಯಾವ ವೇಳೆ ಮುಚ್ಚಿರುತ್ತದೆಂದು ಪ್ರಯಾಣಿಕರಿಗೆ ಮುಂಚಿತವಾಗಿಯೇ ಪ್ರಕಟಿಸಲಾಗಿತ್ತು. ಹಾರಾಟದ ಆ ವೇಳಾಪಟ್ಟಿಯನ್ನು ಸುತ್ತಲಿನ ಆಸ್ಪತ್ರೆ, ಶಾಲೆ, ವೃದ್ಧಾಶ್ರಮಗಳಿಗೆ ವಾರದ ಮೊದಲೇ ತಲುಪಿಸಲು ಒಬ್ಬ ಜವಾನ ಸಾಕು.